ಟೇಪಮ್ಮ ಹಡಗಿನ ಕೋಣೆಗೆ ಅಳತೆ ತೆಗೆದದ್ದು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆ ಬೀದಿಯಲ್ಲಿ ಅದು ಗೊತ್ತಿರುವುದು ಅವಳ ಅಕ್ಕನಿಗೊಬ್ಬಳಿಗೇ, ಅವಳೂ ಆ ಹೆಸರು ಹಿಡಿದು ಕರೆಯುವುದಿಲ್ಲ, "ಪುಟ್ಟೀ" ಅನ್ನುತ್ತಾಳೆ. ಐವತ್ತೆಂಟು ತುಂಬಿ ಅರ್ಧ ತಲೆ ನೆರೆತ ಹೆಂಗಸು ಆ ಕೂಗಿಗೆ "ಹ್ಞಾಂ" ಅನ್ನುವುದನ್ನು ಕಂಡು ಅಂಗಡಿಗೆ ಹೊಸದಾಗಿ ಬಂದವರು ನಗು ತಡೆದುಕೊಳ್ಳುತ್ತಾರೆ. ಉಳಿದವರಿಗೆಲ್ಲ ಅವಳು ಟೇಪಮ್ಮ. ಕೊರಳಲ್ಲಿ ಸದಾ ಹಳದಿ ಬಣ್ಣದ ಅಳತೆ ಟೇಪು. ಸ್ನಾನ ಮಾಡುವಾಗಲೂ ಅದನ್ನು ತೆಗೆಯುವುದಿಲ್ಲ ಎಂದು ಎದುರುಗಡೆ ಕ್ಷೌರದಂಗಡಿಯವನು ಹೇಳುತ್ತಾನೆ. ನೀನು ಹೋಗಿ ನೋಡಿದ್ದೀಯಾ ಎಂದು ಯಾರಾದರೂ ಕೇಳಿದರೆ ಮಾತ್ರ ಕತ್ತರಿ ಹುಡುಕಲು ಶುರುಮಾಡುತ್ತಾನೆ.

ಮೂರನೇ ವಯಸ್ಸಿನಲ್ಲಿ ಪೋಲಿಯೊ ಬಂದು ಟೇಪಮ್ಮನ ಎರಡೂ ಕಾಲುಗಳು ಸೋತವು. ಆವತ್ತಿನಿಂದ ಅವಳಿಗೆ ಕಾಲಾದವಳು ಎಂಟು ವರ್ಷ ದೊಡ್ಡವಳಾದ ಅಕ್ಕ. ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಮೆಟ್ಟಿಲು ಹತ್ತಿದಳು, ಆಮೇಲೆ ಬೆನ್ನ ಮೇಲೆ ಹೊತ್ತು ಹೊಲಿಗೆ ತರಗತಿಗೆ ಕರೆದೊಯ್ದಳು. ಬಸ್ಸು, ಬ್ಯಾಂಕು, ಮದುವೆಮನೆ, ಆಸ್ಪತ್ರೆ, ಎಲ್ಲಿ ಮೆಟ್ಟಿಲಿದೆಯೋ ಅಲ್ಲೆಲ್ಲ ಅಕ್ಕ ಬಗ್ಗಿ ತಂಗಿಯ ಕಂಕುಳಿಗೆ ಕೈ ಕೊಡುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಪುಟ್ಟೀನ ಎತ್ತೋರು ಯಾರು?" ಎಂದು ಕೇಳಿ, ಬಂದವರು ಉತ್ತರ ಹುಡುಕುವಷ್ಟರಲ್ಲಿ ಎದ್ದು ಹೋಗುತ್ತಿದ್ದಳು. ಹೊಟ್ಟೆಪಾಡಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಒದ್ದೆ ಹಾಸಿಗೆ ಬಟ್ಟೆ ಹಿಂಡಿದಳು. ಎರಡು ವರ್ಷದ ಕೆಳಗೆ ಅದೇ ಆಸ್ಪತ್ರೆಯ ಮೂಳೆ ಡಾಕ್ಟರು ಅವಳ ಬೆನ್ನಿನ ಫೋಟೋವನ್ನು ಬೆಳಕಿಗೆ ಹಿಡಿದು, "ಒಂದು ಬಕೆಟ್ ನೀರಿಗಿಂತ ಭಾರದ್ದು ಏನನ್ನೂ ಎತ್ತಬೇಡಿ, ಎತ್ತಿದ್ರೆ ನೀವೇ ಮಲಗಿಬಿಡ್ತೀರಿ" ಅಂದರು. ಆವತ್ತಿನಿಂದ ಟೇಪಮ್ಮ ಎಲ್ಲಿಗೂ ಹೋಗುವುದನ್ನು ಬಿಟ್ಟಳು. ಹೋದರೆ ತಾನೇ ಎತ್ತಬೇಕು.

ಅವಳ ಅಂಗಡಿ ನೋಡಬೇಕು. ಇಡೀ ಬೀದಿಯಲ್ಲಿ ಹೊಸ್ತಿಲಿಲ್ಲದ ಅಂಗಡಿ ಅದೊಂದೇ. ಬಟ್ಟೆ ಕತ್ತರಿಸುವ ಮೇಜಿನ ಕಾಲು ಕೊಯ್ಸಿ ತಗ್ಗು ಮಾಡಿಸಿದ್ದಾಳೆ, ದಾರದ ಡಬ್ಬಿಗಳೆಲ್ಲ ಕೂತಲ್ಲಿಂದ ಕೈಗೆ ಸಿಗುವ ಎತ್ತರದಲ್ಲಿವೆ, ಹಿಂಬದಿಯ ಎರಡು ಕೋಣೆಯ ಮನೆಗೂ ಗಾಲಿಕುರ್ಚಿ ಸಲೀಸಾಗಿ ಓಡುತ್ತದೆ. ಅಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲ. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಕಣ್ಣಳತೆ ಅನ್ನುವುದು ಅವಳಲ್ಲಿ ಬೈಗುಳ. ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಹೇಳುತ್ತಾಳೆ: "ಸೀಮೆಸುಣ್ಣದಲ್ಲಿ ಪೂರ್ತಿ ಬರೆದು ನೋಡದೆ ಕತ್ತರಿ ಮುಟ್ಟಬಾರದು. ಮೈಗೆ ಸರಿಯಾಗಿ ಅಳೆದುಬಿಟ್ರೆ ಆಗ್ಲಿಲ್ಲ, ಸಡಿಲ ಬಿಡಬೇಕು. ನಾವು ಹೊಲಿಯೋದು ನಿಂತ ಬೊಂಬೆಗಲ್ಲ, ಓಡಾಡೋ ಮೈಗೆ."

ಇಂಥವಳ ತಲೆಗೆ ಹಡಗು ಹೊಕ್ಕಿದ್ದಕ್ಕೆ ಕಾರಣವಿದೆ. ಅವಳಿಗೆ ಆರು ವರ್ಷವಿದ್ದಾಗ ಮನೆಮಂದಿಯೆಲ್ಲ ಒಮ್ಮೆ ಕಡಲು ನೋಡಲು ಹೋಗಿದ್ದರು. ದಡದಲ್ಲಿ ದೋಣಿಯವನು ಎಲ್ಲರನ್ನೂ ಹತ್ತಿಸಿಕೊಂಡು, ಅಕ್ಕನ ಸೊಂಟದ ಮೇಲಿದ್ದ ಮಗುವಿನ ಜೋತುಬಿದ್ದ ಕಾಲು ನೋಡಿದ. "ಈ ಕೂಸು ಬೇಡ" ಅಂದ. ಮಗುವನ್ನು ನಾನು ಹಿಡಿದುಕೊಳ್ಳುತ್ತೇನೆ, ನೀನು ಹೋಗಿ ಬಾ ಎಂದು ಅಪ್ಪ ಹದಿನಾಲ್ಕರ ಹುಡುಗಿಗೆ ಹೇಳಿದರು. ಅವಳು ಹೋಗಲಿಲ್ಲ. ತಂಗಿಯನ್ನು ಮರಳ ಮೇಲೆ ಕೂರಿಸಿ ಪಕ್ಕದಲ್ಲಿ ತಾನೂ ಕೂತಳು. ತೋಳು ಒದ್ದೆ ಮಾಡಿಕೊಂಡು ಕೇಕೆ ಹಾಕುತ್ತ ಬಂದವರನ್ನು ನೋಡಿ, "ದೋಣೀಲಿ ಏನಿದೆ ಪುಟ್ಟಿ, ಬರೀ ಮೀನು ವಾಸನೆ" ಅಂದಳು. ಆ ಮಾತು ಟೇಪಮ್ಮನ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಹೋಯಿತು. ಅಕ್ಕನಿಗೆ ಅರವತ್ತಾರು ತುಂಬುವ ತಿಂಗಳು ಅವಳು ನಿಶ್ಚಯ ಮಾಡಿದಳು: ಅಕ್ಕನನ್ನು ಎಂಟು ದಿನ ಹಡಗಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಆ ಎಂಟು ದಿನದಲ್ಲಿ ಅಕ್ಕ ನನ್ನನ್ನು ಒಂದೇ ಒಂದು ಸಲವೂ ಎತ್ತಬಾರದು.

ಟ್ರಾವೆಲ್ಸ್ ಆಫೀಸು ಅದೇ ಬೀದಿಯ ಕೊನೆಯಲ್ಲಿ, ಮೊದಲ ಮಹಡಿಯಲ್ಲಿತ್ತು. ಕೆಳಗೆ ಮೆಟ್ಟಿಲ ಬುಡದಲ್ಲಿ ಹಡಗಿನ ದೊಡ್ಡ ಚಿತ್ರ, ಅದರಡಿ "ಜಗತ್ತೇ ನಿಮ್ಮ ಮನೆಬಾಗಿಲಿಗೆ" ಎಂದು ಬರೆದಿತ್ತು. ಜಗತ್ತು ಹಾಗಿರಲಿ, ಅದನ್ನು ಮಾರುವವನೇ ಇಪ್ಪತ್ತೊಂದು ಮೆಟ್ಟಿಲ ಮೇಲಿದ್ದ. ಅಕ್ಕ ಹತ್ತಿ ಹೋಗಿ ಅವನನ್ನು ಕೆಳಗೆ ಕರೆದುಕೊಂಡು ಬಂದಳು. ಟ್ರಾವೆಲ್ಸಿನವನು ಬಂದವನೇ ಟೇಪಮ್ಮನ ತಲೆಯ ಮೇಲಿಂದ ಅಕ್ಕನನ್ನು ಕೇಳಿದ:

"ಇವ್ರಿಗೆ ತಾವಾಗಿ ಕೂತ್ಕೊಳ್ಳೋಕೆ ಆಗುತ್ತಾ?"

"ಅವಳನ್ನೇ ಕೇಳಿ. ಬಾಯಿ ಇದೆ ಅವಳಿಗೆ, ಬೇಕಾದ್ದಕ್ಕಿಂತ ಒಂಚೂರು ಜಾಸ್ತಿನೇ ಇದೆ" ಅಂದಳು ಅಕ್ಕ.

ಕೂತವಳ ಎದುರು ನಿಂತು ಕೂರಲು ಬರುತ್ತದೆಯೇ ಎಂದು ಕೇಳುವವನಿಗೆ ಏನು ಹೇಳುವುದು? ಟೇಪಮ್ಮ ಸಿಟ್ಟು ನುಂಗಿಕೊಂಡಳು. "ಗಾಲಿಕುರ್ಚಿಯೋರಿಗೆ ಅಂತಲೇ ಮಾಡಿರೋ ಕ್ಯಾಬಿನ್ ಬೇಕು" ಅಂದಳು.

"ಇಡೀ ಹಡಗಲ್ಲಿ ಅಂಥದ್ದು ಇರೋದೇ ನಾಲ್ಕು ಆಂಟಿ. ನಾಲ್ಕೂ ಹೋಯ್ತು."

"ನಾಲ್ಕೂ ನನ್ನಂಥೋರಿಗೇ ಹೋಯ್ತಾ?"

"ಮತ್ತಿನ್ಯಾರಿಗೆ ಹೋಗುತ್ತೆ?"

ಸಾವಿರಾರು ಜನ ಹಿಡಿಯುವ ಹಡಗಿನಲ್ಲಿ ನಾಲ್ಕೇ ಕೋಣೆ! ಆದರೂ ಟೇಪಮ್ಮನಿಗೆ ಒಳಗೊಳಗೇ ಖುಷಿಯಾಯಿತು. ತನ್ನಂಥವರು ನಾಲ್ಕು ಜನ ಕಡಲಿಗೆ ಹೊರಟಿದ್ದಾರೆ, ಹೋಗಲಿ, ಯಾರೋ ನಮ್ಮವರೇ ಅಂದುಕೊಂಡಳು. ಟ್ರಾವೆಲ್ಸಿನವನು ಅಷ್ಟರಲ್ಲಿ ಮೊಬೈಲಿನಲ್ಲಿ ಇನ್ನೊಂದು ನಕ್ಷೆ ತೆಗೆದಿದ್ದ. "ಇದೂ ಅದರಂಥದ್ದೇ. ನಿಮ್ಮ ಕುರ್ಚಿ ಎಷ್ಟು ಅಗಲ? ಇಪ್ಪತ್ತೆರಡು ಇಂಚಾ? ಬಚ್ಚಲ ಬಾಗಿಲು ಇಪ್ಪತ್ಮೂರಿದೆ! ಒಂದಿಂಚು ಉಳೀತು ನೋಡಿ." ದುಂಡನೆಯ ಕಿಟಕಿಯನ್ನೂ ತೋರಿಸಿದ. ಕಿಟಕಿಯ ತುಂಬ ನೀಲಿ. ಅಕ್ಕ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು, ಅದನ್ನು ಕಂಡು ಟೇಪಮ್ಮ ಸರಿ ಅಂದುಬಿಟ್ಟಳು. ನಕ್ಷೆಯನ್ನು ತನ್ನ ಮೊಬೈಲಿಗೆ ಕಳಿಸಿಕೊಂಡಳು.

ವಾರದ ರಜೆಯ ಬೆಳಿಗ್ಗೆ ಅವಳು ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ, ಅಂಗಡಿಯ ನೆಲದ ಮೇಲೆ ಇಡೀ ಕೋಣೆಯನ್ನು ಸೀಮೆಸುಣ್ಣದಲ್ಲಿ ಬರೆದಳು. ನಕ್ಷೆಯ ಹಾಗೆ ಚಿಕ್ಕದು ಮಾಡಿ ಅಲ್ಲ, ಇಂಚಿಗೆ ಇಂಚು. ಇಲ್ಲಿ ಮಂಚ, ಇಲ್ಲಿ ಬೀರು, ಇಲ್ಲಿ ಬಚ್ಚಲು. ಗೋಡೆಗೆ ಒಂದು ದುಂಡನೆಯ ಕಿಟಕಿಯನ್ನೂ ಬರೆದಳು. ಅಕ್ಕ ಚಪ್ಪಲಿ ಬಿಟ್ಟು ಆ ಗೆರೆಗಳ ಒಳಗೆ ಬಂದು ನಿಂತು, "ಪುಟ್ಟಿ, ಈ ಮಂಚ ನಂಗೆ ಬೇಕು, ಕಿಟಕಿ ಪಕ್ಕದ್ದು" ಅಂದಳು. ಜೀವಮಾನದಲ್ಲಿ ಅವಳು ಬಾಯಿಬಿಟ್ಟು ಏನಾದರೂ ಬೇಕು ಅಂದದ್ದು ಅದೇ ಮೊದಲಿರಬೇಕು.

ಟೇಪಮ್ಮ ಬಚ್ಚಲ ಬಾಗಿಲಿನ ಆಚೆ ಈಚೆ ದಾರದ ಡಬ್ಬಿಗಳನ್ನು ಗೋಡೆಯ ಹಾಗೆ ಪೇರಿಸಿದಳು. ನಡುವೆ ಸರಿಯಾಗಿ ಇಪ್ಪತ್ಮೂರು ಇಂಚು. ಬಾಗಿಲಡಿಯಲ್ಲಿ ನಾಲ್ಕಿಂಚಿನ ಕಟ್ಟೆಯೊಂದಿತ್ತು, ಅದನ್ನು ನಕ್ಷೆಯಲ್ಲಿ ಇರುವೆಯಷ್ಟು ಸಣ್ಣ ಅಂಕಿಯಲ್ಲಿ ಬರೆದಿದ್ದರು. ಅಷ್ಟೇ ಎತ್ತರದ ಹಲಗೆ ಹುಡುಕಿ ಅಡ್ಡ ಇಟ್ಟಳು. ಆಮೇಲೆ ಎರಡೂ ಕೈಯಿಂದ ಚಕ್ರ ತಳ್ಳಿಕೊಂಡು ಹೊರಟಳು. ಕುರ್ಚಿ ಬಾಗಿಲಿಗೆ ಬಂತು, ಬೆರಳ ಗೆಣ್ಣುಗಳು ಡಬ್ಬಿಗೆ ತಗುಲಿದವು, ಡಬ್ಬಿಗಳು ಧಡಧಡ ಬಿದ್ದವು, ದಾರದ ಉಂಡೆಗಳು ಅಂಗಡಿ ತುಂಬ ಉರುಳಿಹೋದವು. ಮುಂದಿನ ಚಕ್ರ ಹಲಗೆಗೆ ತಾಗಿ ನಿಂತುಬಿಟ್ಟಿತು.

ಇಪ್ಪತ್ತೆರಡು ಇಂಚು ಕುರ್ಚಿಯ ಅಳತೆ. ಅದನ್ನು ತಳ್ಳುವ ಕೈಗಳ ಅಳತೆ? ನಲವತ್ತು ವರ್ಷ ಕಂಡಕಂಡ ಹುಡುಗಿಯರಿಗೆ ಯಾವ ತಪ್ಪಿಗೆ ಬೈದಿದ್ದಳೋ ಅದೇ ತಪ್ಪನ್ನು ತಾನು ಮಾಡಿದ್ದಳು. ಸಡಿಲ ಬಿಟ್ಟಿರಲಿಲ್ಲ. ಆಸೆ ಅಳತೆಯನ್ನೂ ಮರೆಸುತ್ತದೆ. ಅವಳು ತನಗೆ ತಾನೇ ಶಾಪ ಹಾಕಿಕೊಳ್ಳುತ್ತಿರುವಾಗ, ಅಕ್ಕ ಹಿಂದಿನಿಂದ ಬಂದು, ಅಭ್ಯಾಸಬಲದಿಂದ, ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದಳು. "ಇಷ್ಟೇ ತಾನೆ, ನಾನು ದಾಟಿಸ್ತೀನಿ ಬಿಡು" ಅಂದವಳು ಅರ್ಧಕ್ಕೇ ಸೊಂಟ ಹಿಡಿದು "ಅಮ್ಮಾ" ಅಂದಳು. ಟೇಪಮ್ಮ ಅವಳ ಕೈಯನ್ನು ಪಟಾರನೆ ಹೊಡೆದು ತಳ್ಳಿದಳು. ಒದ್ದೆ ಬಟ್ಟೆ ತಂದು ಸೀಮೆಸುಣ್ಣ ಒರೆಸಿದವಳು ಅಕ್ಕ. ಗೋಡೆಯ ಮೇಲಿನ ಕಿಟಕಿಯನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ.

ಮಾರನೆಯ ದಿನ ಮೂಳೆ ಡಾಕ್ಟರ ಹೆಂಡತಿ ಬಂದಳು. ಮೂವತ್ತು ವರ್ಷದ ಹಳೆಯ ಗಿರಾಕಿ, ಕೈಯಲ್ಲಿ ಮಿರಿಮಿರಿ ಮಿಂಚುವ ಬಟ್ಟೆ. "ಒಂದು ಉದ್ದನೆ ಗೌನು ಆಗ್ಬೇಕು ಟೇಪಮ್ಮ, ಹಡಗಲ್ಲಿ ಕ್ಯಾಪ್ಟನ್ ಜೊತೆ ಊಟ ಇದೆ" ಅಂದಳು. ದಿನ ಕೇಳಿದರೆ ಅದೇ ದಿನ, ಅದೇ ಹಡಗು. ಟೇಪಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸೊಂಟದ ಅಳತೆ ಹಿಡಿದಳು. ಗುಂಡುಸೂಜಿ ಬಾಯಲ್ಲಿದ್ದರೆ ಟೇಪಮ್ಮ ಮಾತಾಡುವಂತಿಲ್ಲ, ಹಾಗಾಗಿ ಗಿರಾಕಿಗಳು ಆಗ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

"ನಮ್ಮ ರೂಮಿನ ಫೋಟೋ ನೀನು ನೋಡ್ಬೇಕು ಕಣೇ. ರೂಮಲ್ಲ ಅದು, ಹಾಲು! ಬೇರೆಯೋರು ಮಂಚದ ಪಕ್ಕ ಅಡ್ಡಡ್ಡ ನಡೀಬೇಕಂತೆ. ನಮ್ಮದರಲ್ಲಿ ಬೇಕಾದ್ರೆ ಓಡಬಹುದು. ಬಚ್ಚಲಂತೂ ಕೇಳ್ಬೇಡ, ಬಾಗಿಲೇ ಇಷ್ಟಗಲ, ಒಂದು ಕಟ್ಟೆ ಇಲ್ಲ, ಎಡವೋ ಭಯಾನೇ ಇಲ್ಲ. ಗೋಡೆ ಸುತ್ತ ಸ್ಟೀಲ್ ಕಂಬಿ, ಒದ್ದೆ ಬಟ್ಟೆ ಹರವೋಕೆ ಎಷ್ಟು ಅನುಕೂಲ ಅಂತೀಯ. ಗೋಡೆಗೆ ಮಡಚೋ ಅಂಥ ಒಂದು ಸೀಟು ಬೇರೆ ಇದೆ. ನನ್ನ ಶಾಂಪೂ ಬಾಟ್ಲಿಗಳನ್ನ ಅದರ ಮೇಲೆ ಸಾಲಾಗಿ ಇಟ್ಕೋತೀನಿ."

ಟೇಪಮ್ಮ ಗುಂಡುಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಸೂಜಿದಿಂಬಿಗೆ ಚುಚ್ಚಿದಳು. "ಅಂಥ ರೂಮು ಹೇಗೆ ಸಿಕ್ತು?"

"ಟ್ರಾವೆಲ್ಸ್ ಹುಡುಗ ದಾರಿ ಹೇಳ್ಕೊಟ್ಟ. ಫಾರಂನಲ್ಲಿ ಒಂದು ಕಡೆ ಗುರುತು ಹಾಕಿ ಡಾಕ್ಟರ್ ಚೀಟಿ ಹಚ್ಚಿದ್ರೆ ಆಯ್ತಂತೆ. ನಮ್ಮನೇಲಿ ಡಾಕ್ಟರ್ ಚೀಟಿಗೆ ಬರವಾ? ಮಂಡಿ ಪೂರ್ತಿ ಸವೆದಿದೆ ಅಂತ ಇವ್ರೇ ಬರೆದುಕೊಟ್ರು." ಅವಳು ಕಿಲಕಿಲ ನಕ್ಕಳು. "ಅಂದಹಾಗೆ, ಗೌನು ಕೆಳಗಡೆ ಸ್ವಲ್ಪ ಸಡಿಲ ಇರ್ಲಿ. ಅಲ್ಲಿ ದಿನಾ ಸಂಜೆ ಡ್ಯಾನ್ಸ್ ಇದೆಯಂತೆ."

ಟೇಪಮ್ಮನಿಗೆ ಉರಿ ನೆತ್ತಿಗೇರಿತು. ಯಾಕೆ ಏರಬಾರದು? ಅಕ್ಕನಿಗೆ ಭಾರ ಎತ್ತಬೇಡಿ ಅಂದ ಡಾಕ್ಟರೇ ಈ ಚೀಟಿಯನ್ನೂ ಬರೆದಿದ್ದರು. ಯಾರೋ ನಮ್ಮವರು ಹೋಗುತ್ತಿದ್ದಾರೆಂದು ತಾನು ಸಂತೋಷಪಟ್ಟದ್ದು ಈ ಕುಣಿಯುವ ಮಂಡಿಗೆ! ಅವಳು ಆದಷ್ಟು ಮೆತ್ತಗೆ, ಆ ಕೋಣೆ ಯಾರಿಗಾಗಿ ಕಟ್ಟಿದ್ದು ಎಂದು ವಿವರಿಸಿ ಹೇಳಿದಳು. ತಾನು ಅದನ್ನೇ ಕೇಳಿ ಇಲ್ಲವೆನ್ನಿಸಿಕೊಂಡದ್ದನ್ನೂ ಹೇಳಿದಳು. ಡಾಕ್ಟರ ಹೆಂಡತಿಯ ಮುಖ ಒಂದು ಗಳಿಗೆ ಸಪ್ಪಗಾಯಿತು, ಮರುಗಳಿಗೆಗೆ ಮೊದಲಿನಂತಾಯಿತು.

"ಅಯ್ಯೋ, ನಿಂಗೇನು ಬಿಡು ಟೇಪಮ್ಮ. ಎಲ್ಲೇ ಹೋದ್ರೂ ಎತ್ತಿ ಕೂರ್ಸೋಕೆ ಜನ ಇದ್ದೇ ಇರ್ತಾರೆ."

"ಜನ?" ಟೇಪಮ್ಮನ ದನಿ ಬೀದಿಗೆ ಕೇಳಿಸಿತು. "ಯಾರಮ್ಮ ಆ ಜನ? ಅಗೋ, ಅಲ್ಲಿ ಇಸ್ತ್ರಿ ಹಾಕ್ತಾ ನಿಂತಿದಾಳಲ್ಲ, ಅವಳೇ ಆ ಜನ! ಐವತ್ತೈದು ವರ್ಷದಿಂದ ನೀವೆಲ್ಲ ಜನ ಇರ್ತಾರೆ, ಜನ ಇರ್ತಾರೆ ಅಂದ್ರಲ್ಲ, ಇದ್ದದ್ದು ಅವಳೊಬ್ಬಳೇ! ಅವಳ ಬೆನ್ನು ಏನಾಗಿದೆ ಅಂತ ನಿಮ್ಮ ಯಜಮಾನ್ರನ್ನೇ ಕೇಳಿ, ಫೋಟೋ ನೋಡಿದಾರೆ!" ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೈಗಿಟ್ಟಳು. "ಇದನ್ನ ನಾನು ಹೊಲಿಯಲ್ಲ. ತಗೊಂಡು ಹೋಗಿ."

ಇಷ್ಟು ವರ್ಷ ಕೆಲಸ ಕೊಟ್ಟವಳಿಗೆ ಹೀಗಾ ಮಾತಾಡೋದು ಎಂದು ಡಾಕ್ಟರ ಹೆಂಡತಿ ಧುಮುಧುಮು ಉರಿಯುತ್ತ ಮೂರು ಅಂಗಡಿ ಆಚೆ ನಿಂತಿದ್ದ ಕಾರಿಗೆ ಬಿರಬಿರನೆ ನಡೆದು ಹೋದಳು. ಸವೆದ ಮಂಡಿ ಎಲ್ಲಿಯೂ ತಡೆಯಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆ ಇಳಿಸಿ ತಂಗಿಯ ಹೆಗಲ ಮೇಲೆ ಕೈಯಿಟ್ಟಳು. "ಬಿಡು ಪುಟ್ಟಿ. ಹಡಗಲ್ಲಿ ಏನಿದೆ, ಬರೀ ಎಣ್ಣೆ ವಾಸನೆ."

ಅವಳು ಆ ಮಾತೊಂದನ್ನು ಆಡದೆ ಇದ್ದಿದ್ದರೆ ಟೇಪಮ್ಮ ಅಷ್ಟಕ್ಕೇ ಬಿಡುತ್ತಿದ್ದಳೋ ಏನೋ.

ಮರುದಿನ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಟೇಪಮ್ಮ ಟ್ರಾವೆಲ್ಸ್ ಆಫೀಸಿನ ಮೆಟ್ಟಿಲ ಬುಡಕ್ಕೆ ಹೋದಳು. ಟೇಪು ಹಿಡಿದು ನೋಡಿದಳು, ಮೆಟ್ಟಿಲ ಬಾಯಿ ಮೂವತ್ತು ಇಂಚು. ಕುರ್ಚಿಯನ್ನು ಅದರ ನಟ್ಟನಡುವೆ ನಿಲ್ಲಿಸಿ, ಬ್ರೇಕು ಹಾಕಿ, ತೊಡೆಯ ಮೇಲೆ ಗುಂಡಿ ಹಾಕಬೇಕಾದ ಅಂಗಿಗಳ ಬುಟ್ಟಿ ಇಟ್ಟುಕೊಂಡು ಸೂಜಿಗೆ ದಾರ ಪೋಣಿಸಿದಳು. ಹತ್ತಕ್ಕೆ ಟ್ರಾವೆಲ್ಸಿನವನು ಬಂದ.

"ದಾರಿ ಬಿಡಿ ಆಂಟಿ."

"ನನಗೂ ಮೇಲೆ ಬರಬೇಕು. ಆಗಲ್ಲ. ನಿನಗೂ ಆಗೋದು ಬೇಡ."

"ಅಯ್ಯೋ, ಏನಿದು! ಆಫೀಸ್ ತೆಗೀಬೇಕು ನಾನು."

"ಎತ್ತಿಡೋಕೆ ಜನ ಇರ್ತಾರಂತಲ್ಲ. ಕರಿ ನೋಡೋಣ."

ಜನ ಬಂದರು. ಕ್ಷೌರದಂಗಡಿಯವನು ಅರ್ಧ ಗಡ್ಡಕ್ಕೆ ನೊರೆ ಹಚ್ಚಿದ್ದ ಗಿರಾಕಿಯ ಸಮೇತ ಬಂದ. ನಾಲ್ಕೂ ಕ್ಯಾಬಿನ್ ಯಾರಿಗೆ ಕೊಟ್ಟೆ ಎಂದು ಟೇಪಮ್ಮ ಎಲ್ಲರ ಎದುರು ಕೇಳಿದಳು. ಟ್ರಾವೆಲ್ಸಿನವನು ತಪ್ಪನ್ನು ಮೊದಲು ಕಂಪ್ಯೂಟರಿನ ಮೇಲೆ ಹಾಕಿದ, ಆಮೇಲೆ ಡಾಕ್ಟರ ಚೀಟಿಯ ಮೇಲೆ ಹಾಕಿದ, ಕಡೆಗೆ "ದೊಡ್ಡ ಗಿರಾಕಿಗಳು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ ಆಂಟಿ?" ಅಂದ. ಯಾರೂ ಕುರ್ಚಿ ಮುಟ್ಟಲಿಲ್ಲ. ಅಕ್ಕ ಕೂಡ ಒಂದು ಮೊರ ತಂದು ಪಕ್ಕದಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ವಿಂಗಡಿಸತೊಡಗಿದಳು. ಹನ್ನೊಂದೂವರೆಗೆ ಟ್ರಾವೆಲ್ಸಿನವನು ಸೋತು, ಅಷ್ಟು ದಿನ "ನಮ್ಮ ಮೂಲಕವೇ ಮಾತಾಡ್ಬೇಕು" ಎಂದು ಬಚ್ಚಿಟ್ಟಿದ್ದ ಹಡಗು ಕಂಪನಿಯ ನಂಬರು ಹಚ್ಚಿ ಫೋನನ್ನು ಅವಳ ಕೈಗೆ ಕೊಟ್ಟ.

ಆ ಕಡೆಯಿಂದ ಒಬ್ಬ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ನಿಮ್ಮ ಕುರ್ಚಿ ಎಷ್ಟು ಅಗಲ ಅಮ್ಮ? ಕೈ ಸೇರಿಸಿ ಹೇಳಿ."

ಕೈ ಸೇರಿಸಿ! ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅಷ್ಟೊತ್ತು ಬೀದಿಗೇ ಕೇಳುವಂತೆ ಅರಚಿದ್ದ ಟೇಪಮ್ಮ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ, ಎರಡೂ ಕೈ ಚಕ್ರದ ಮೇಲಿಟ್ಟು, ಅಕ್ಕನ ಕೈಯಲ್ಲಿ ಟೇಪು ಹಿಡಿಸಿದಳು. "ಇಪ್ಪತ್ತೇಳು" ಅಂದಳು, ಈ ಸಲ ಮೆಲ್ಲಗೆ.

ಕಂಪನಿಯವರು ನಾಲ್ಕೂ ಕ್ಯಾಬಿನ್ನಿನವರಿಗೆ ಒಂದೇ ಕಾಗದ ಕಳಿಸಿದರು: ನಿಮ್ಮ ಗಾಲಿಕುರ್ಚಿಯ ಅಳತೆಯನ್ನು ದಯವಿಟ್ಟು ತಿಳಿಸಿ. ನಾಲ್ವರಲ್ಲಿ ಮೂವರ ಬಳಿ ಅಳೆಯಲು ಕುರ್ಚಿಯೇ ಇರಲಿಲ್ಲ. ಮೂವರು! ಟೇಪಮ್ಮನಿಗೆ ಕೋಣೆ ಸಿಕ್ಕ ಸಂತೋಷಕ್ಕಿಂತ ಈ ಲೆಕ್ಕ ಕೇಳಿ ಬಂದ ಸಂಕಟವೇ ಹೆಚ್ಚಾಯಿತು. ನಮ್ಮವರು ನಾಲ್ವರೆಂದು ಖುಷಿಪಟ್ಟಿದ್ದಳು, ಇದ್ದದ್ದು ಒಬ್ಬರೇ. ಡಾಕ್ಟರ ಹೆಂಡತಿ ಚಿಕ್ಕ ಕೋಣೆಗೆ ಇಳಿದು, ಗೌನನ್ನು ಬೇರೆ ಕಡೆ ಹೊಲಿಸಿದಳು. ಅದು ಕಂಕುಳಲ್ಲಿ ಹಿಡಿಯಿತು ಎಂದು ಕ್ಷೌರದಂಗಡಿಯವನು ಸುದ್ದಿ ತಂದ. ಅವನಿಗೆ ಹೇಗೆ ಗೊತ್ತಾಯಿತೋ, ಅವನನ್ನೇ ಕೇಳಬೇಕು.

ಹೊರಡುವ ದಿನ ಬಂದರಿನಲ್ಲಿ ಇಬ್ಬರು ನಾವಿಕರು ತೋಳು ಮಡಚಿಕೊಂಡು ಎತ್ತಲು ಓಡಿ ಬಂದರು. ಟೇಪಮ್ಮ ಟೇಪಿನ ತುದಿ ಹಿಡಿದು ಗದರಿದಳು, ಅವರು ಇಳಿಜಾರಿನ ಹಲಗೆ ತಂದು ಹಾಕಿದರು. ಅಕ್ಕ ಬರಿಗೈಯಲ್ಲಿ ಅವಳ ಪಕ್ಕ ನಡೆದಳು. ಕೋಣೆಯ ಬಾಗಿಲು ಗುಂಡಿ ಒತ್ತಿದರೆ ತಾನಾಗಿ ತೆರೆಯಿತು. ಒಳಗೆ ದುಂಡನೆಯ ಕಿಟಕಿ, ಕಿಟಕಿ ಪಕ್ಕದ ಮಂಚ. ಟೇಪಮ್ಮ ಯಾವುದನ್ನೂ ನೋಡದೆ ಸೀದಾ ಬಚ್ಚಲಿಗೆ ಚಕ್ರ ತಿರುಗಿಸಿದಳು. ಅಕ್ಕ ಎಂದಿನಂತೆ ಹಿಂದೆಯೇ ಬಂದು ಬಗ್ಗಿ ಎರಡೂ ಕೈ ಚಾಚಿದಳು. ಅಷ್ಟರಲ್ಲಿ ತಂಗಿ ಒಳಗೆ ಹೋಗಿ, ಕಂಬಿ ಹಿಡಿದು ಮೈಯೆತ್ತಿ, ಗೋಡೆಯ ಸೀಟಿನ ಮೇಲೆ ಕೂತಾಗಿತ್ತು. ಅಕ್ಕನ ಕೈಗಳು ಹಾಗೇ ಗಾಳಿಯಲ್ಲಿ ಉಳಿದವು. ಅವಳು ಅವನ್ನು ಒಮ್ಮೆ ನೋಡಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಕೊನೆಗೆ ಬೆನ್ನ ಹಿಂದೆ ಕಟ್ಟಿಕೊಂಡಳು.

ಟೇಪಮ್ಮ ಮತ್ತೆ ಕುರ್ಚಿಗೆ ಬಂದು ಬಾಗಿಲಿಗೆ ಟೇಪು ಹಿಡಿದಳು. ಮೂವತ್ತೆರಡು. ಆ ಇನ್ನೊಂದು ಕೋಣೆಯದು ಇಪ್ಪತ್ಮೂರು. ಅವಳು ಹೆಬ್ಬೆರಳು ಕಿರುಬೆರಳು ಅಗಲಿಸಿ ಅಕ್ಕನ ಮುಖದ ಮುಂದೆ ಹಿಡಿದಳು.

"ಒಂದು ಗೇಣು ಅಕ್ಕ. ಆ ಬಾಗಿಲಿಗೂ ಈ ಬಾಗಿಲಿಗೂ ಇರೋದು ಇಷ್ಟೇ. ಇಷ್ಟು ಜಾಸ್ತಿ ಬಿಟ್ಟಿದ್ರೆ ಸಾಕಿತ್ತು, ಎಲ್ಲಾ ಕಡೆ."

ಅಕ್ಕ ಆ ಗೇಣನ್ನು ನೋಡಿದಳು. ಯಾರ ಮೇಲೂ ಒಂದು ದಿನವೂ ದನಿ ಏರಿಸದವಳು, ಏನಾದರೂ ಅದರಲ್ಲೇನಿದೆ ಬಿಡು ಅನ್ನುವವಳು, ಅವಳ ಮುಖ ನಿಧಾನವಾಗಿ ಕೆಂಪಾಯಿತು.

"ಇಷ್ಟಕ್ಕಾ?" ಅಂದಳು. "ಇಷ್ಟೇ ಇಷ್ಟಕ್ಕಾ ಪುಟ್ಟಿ, ನನ್ನ ಬೆನ್ನು ಹೋಗಿದ್ದು?"

ಕಿಟಕಿಯ ಆಚೆ ದಡ ಸರಿಯತೊಡಗಿತ್ತು. ಅಕ್ಕ ಅತ್ತ ತಿರುಗಲೇ ಇಲ್ಲ. ಬಚ್ಚಲ ಬಾಗಿಲಿನ ಒಂದು ಅಂಚಿನಿಂದ ತನ್ನ ಗೇಣು ಹಾಕಿ ಅಳೆದಳು, ಇಷ್ಟೇ ಇರಲಾರದು, ತಪ್ಪಾಗಿರಬೇಕೆಂದು ಮತ್ತೊಮ್ಮೆ ಮೊದಲಿನಿಂದ ಅಳೆದಳು.